ಒಂದೇ ಫೈಲು, ಮೂರು ಹಸಿರು: ದಾವಣಗೆರೆಯ ಸೀರೆ ಅಂಗಡಿಯೊಂದರ ವಿಸಿಟಿಂಗ್ ಕಾರ್ಡ್ ಪ್ರಕರಣ

ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ರೇಷ್ಮೆ ಸೀರೆ ಅಂಗಡಿ. ತಂದೆ ಕಟ್ಟಿ ಬೆಳೆಸಿದ್ದು, ಈಗ ಮಗಳು ನೋಡಿಕೊಳ್ಳುತ್ತಿದ್ದಾರೆ. ಮೊಳಕಾಲ್ಮುರಿನ ನೇಕಾರರಿಂದ ನೇರವಾಗಿ ಮಾಲು ತರುತ್ತಾರೆ. ಮದುವೆ ಸೀಸನ್ ಬಂತೆಂದರೆ ಹರಿಹರ, ಹೊನ್ನಾಳಿ, ಜಗಳೂರು, ಹರಪನಹಳ್ಳಿ ಕಡೆಯಿಂದ ಜವಳಿ ತೆಗೆಯಲು ಮನೆಮಂದಿಯೆಲ್ಲ ಬರುತ್ತಾರೆ. ಅಂಗಡಿಯ ಗುರುತು ಒಂದು ಬಣ್ಣ: ಸೀರೆ ವ್ಯಾಪಾರದಲ್ಲಿ ರಾಮಾ ಗ್ರೀನ್ ಎನ್ನುವ, ನೀಲಿಗೂ ಹಸಿರಿಗೂ ನಡುವಿನ ದಟ್ಟ ಬಣ್ಣ. ಬೋರ್ಡು, ಸೀರೆ ಬಾಕ್ಸು, ಕೈಚೀಲ ಎಲ್ಲವೂ ಅದೇ. ಅಂಚಿಗೆ ಜರಿಯ ಹಾಗೆ ಒಂದು ಚಿನ್ನದ ಗೆರೆ.

ವಿಸಿಟಿಂಗ್ ಕಾರ್ಡ್ ಮಾತ್ರ ಆ ಬಣ್ಣಕ್ಕೆ ಬರುತ್ತಿರಲಿಲ್ಲ. ಮೊದಲ ಸಲ ಮಾಡಿಸಿದ್ದು ನೀಲಿಗೆ ವಾಲಿತ್ತು. ಎರಡನೇ ಸಲದ್ದು ಎಳೆ ಹಸಿರಾಗಿ, ಮೇಲೆ ಮೇಣ ಸವರಿದಂತೆ ಹೊಳೆಯುತ್ತಿತ್ತು. ಮೂರನೆಯದು ಮಾಸಿ ಕಪ್ಪಿಟ್ಟಿತ್ತು. ಮೂರಕ್ಕೂ ಕೊಟ್ಟದ್ದು ಡಿಸೈನಿನ ಒಂದೇ ಕೋರೆಲ್‌ಡ್ರಾ ಫೈಲು. ಕೆಲಸ ನನ್ನ ಕೈಗೆ ಬಂದಾಗ ಯಜಮಾನರು ಮೂರು ಕಾರ್ಡನ್ನೂ ಗಾದಿಯ ಮೇಲೆ ಸಾಲಾಗಿ ಇಟ್ಟು, "ನೋಡು ತಮ್ಮಾ, ಒಬ್ಬನೇ ಗಿರಾಕಿಗೆ ಈ ಮೂರೂ ಕೊಟ್ರೆ ಮೂರು ಅಂಗಡಿ ಐತೆ ಅಂದ್ಕೊಂತಾನೆ" ಎಂದರು. ಮಗಳ ಪ್ರಶ್ನೆ ಬೇರೆ ಇತ್ತು: "ಸರ್, ತಪ್ಪು ಪ್ರೆಸ್ಸಿನವರದ್ದಾ, ನಮ್ಮದಾ?"

ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು. ನಮ್ಮ ಊರುಗಳಲ್ಲಿ ಕಾರ್ಡು ಮಾಡಿಸುವವರು ಸಾಮಾನ್ಯವಾಗಿ ಮೊದಲು ರೇಟು ಕೇಳುತ್ತಾರೆ, ಆಮೇಲೆ ಡಿಸೈನು ನೋಡುತ್ತಾರೆ, ಬಣ್ಣವನ್ನು ದೇವರಿಗೆ ಬಿಡುತ್ತಾರೆ. ಬಣ್ಣವೇ ಗುರುತಾಗಿರುವ ವ್ಯಾಪಾರಕ್ಕೆ ಈ ಕ್ರಮ ತಲೆಕೆಳಗು. ಕಾಗದ ಯಾವುದು, ಅದರ ಮೇಲೆ ಯಾವ ಲ್ಯಾಮಿನೇಶನ್ ಎಂಬುದು ಮೊದಲು ತೀರ್ಮಾನವಾಗಬೇಕು; ಬಣ್ಣವನ್ನು ಆ ಕಾಗದದ ಮೇಲೇ ನೋಡಿ ಒಪ್ಪಬೇಕು; ಹಾಗೆ ಒಪ್ಪಿದ ಬಣ್ಣವನ್ನು ಯಾರು ಮಾಡಿಕೊಡಬಲ್ಲರೋ ಅವರೇ ನಮ್ಮ ಪ್ರಿಂಟರ್.

ಮೂರು ಹಸಿರು ಹುಟ್ಟಿದ ಬಗೆ

ಮೊದಲ ಮತ್ತು ಮೂರನೇ ಸಲದ ಕಾರ್ಡುಗಳು ಒಂದು ಡಿಟಿಪಿ ಸೆಂಟರ್ ಮೂಲಕ ಹೊರ ಊರಿಗೆ ಹೋಗಿ ಅಚ್ಚಾಗಿ ಬಂದಿದ್ದವು. ಸಾವಿರ ಕಾರ್ಡಿಗೆ ಇಷ್ಟು ಎಂದು ಅಗ್ಗದ ರೇಟಿಗೆ ಸಿಗುವ ಕಾರ್ಡುಗಳೆಲ್ಲ ಹೆಚ್ಚಾಗಿ ಇದೇ ದಾರಿಯವು. ಅಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹತ್ತಾರು ಜನರ ಕಾರ್ಡು ಒಟ್ಟಿಗೆ ಕೂರುತ್ತವೆ. ನಮ್ಮ ಹಸಿರಿನ ಪಕ್ಕ ಯಾರದ್ದೋ ರಿಯಲ್ ಎಸ್ಟೇಟಿನ ಕೆಂಪು, ಅದರ ಕೆಳಗೆ ಯಾವುದೋ ಬೇಕರಿಯ ಕೇಸರಿ. ಆಫ್‌ಸೆಟ್ ಯಂತ್ರದಲ್ಲಿ ಇಂಕು ಎಷ್ಟು ಇಳಿಯಬೇಕೆಂದು ಹಾಳೆಯ ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಹೊಂದಿಸುತ್ತಾರೆ. ಒಂದು ಪಟ್ಟಿಯಲ್ಲಿ ಬರುವ ಎಲ್ಲ ಕಾರ್ಡಿಗೂ ಒಂದೇ ಹೊಂದಾಣಿಕೆ. ಕೆಂಪು ಕಾರ್ಡಿನವರಿಗೆಂದು ಮಜೆಂಟಾ (ಗುಲಾಬಿಗೆಂಪು ಇಂಕು) ಸ್ವಲ್ಪ ಏರಿಸಿದರೆ ಅದೇ ಸಾಲಿನ ನಮ್ಮ ಹಸಿರು ಮಾಸುತ್ತದೆ. ಅಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಆ ರೇಟಿಗೆ ಆ ಪದ್ಧತಿ ಕೊಡುವುದೇ ಅಷ್ಟು. ಕಪ್ಪು ಅಕ್ಷರ, ಮೂಲೆಯಲ್ಲೊಂದು ಸಣ್ಣ ಲೋಗೊ ಇರುವ ವಕೀಲರ ಕಾರ್ಡಿಗೆ, ಟ್ಯೂಷನ್ ಮೇಷ್ಟ್ರ ಕಾರ್ಡಿಗೆ ಇದೇ ದಾರಿ ಸಾಕು, ನಾನೂ ಅದನ್ನೇ ಹೇಳುತ್ತೇನೆ. ಪೂರ್ತಿ ಹಿನ್ನೆಲೆಯೇ ಗುರುತಿನ ಬಣ್ಣವಾದಾಗ ಸಾಲದು.

ಎರಡನೆಯದನ್ನು ಒಂದು ವಸ್ತುಪ್ರದರ್ಶನಕ್ಕೆ ಅವಸರದಲ್ಲಿ ಡಿಜಿಟಲ್ ಯಂತ್ರದಲ್ಲಿ ತೆಗೆಸಿದ್ದರು. ಅಲ್ಲಿ ಇಂಕಿನ ಬದಲು ಬಳಸುವ ಟೋನರ್ ಪುಡಿ ಕಾಗದದೊಳಗೆ ಇಳಿಯುವುದಿಲ್ಲ, ಬಿಸಿಗೆ ಕರಗಿ ಮೇಲೆಯೇ ಕೂರುತ್ತದೆ. ಮೇಣದಂಥ ಹೊಳಪು ಬಂದದ್ದು ಅದರಿಂದ.

ಆದರೆ ದೊಡ್ಡ ಗುಟ್ಟು ಫೈಲಿನಲ್ಲೇ ಇತ್ತು. ತೆರೆದು ನೋಡಿದರೆ ಹಿನ್ನೆಲೆಯ ಹಸಿರು ಸಿಎಂವೈಕೆಯಲ್ಲಿ, ಲೋಗೊ ಮಾತ್ರ ಆರ್‌ಜಿಬಿಯಲ್ಲಿ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ ಬೆಳಕು ಕೂಡಿಸಿ; ಇದು ಆರ್‌ಜಿಬಿ. ಕಾಗದದ ಮೇಲಿನ ಇಂಕು ಬಿದ್ದ ಬೆಳಕಿನಲ್ಲಿ ಕೆಲಭಾಗವನ್ನು ನುಂಗಿ ಉಳಿದದ್ದನ್ನು ತೋರಿಸುತ್ತದೆ: ಸಯಾನ್ (ತಿಳಿನೀಲಿ), ಮಜೆಂಟಾ, ಹಳದಿ, ಕಪ್ಪು; ಇದು ಸಿಎಂವೈಕೆ. ಆರ್‌ಜಿಬಿಯಲ್ಲಿರುವ ಭಾಗವನ್ನು ಪ್ರತಿ ಪ್ರೆಸ್ಸಿನ ಸಾಫ್ಟ್‌ವೇರ್ ತನ್ನ ತನ್ನ ಬಣ್ಣದ ಲೆಕ್ಕದ (ಪ್ರೊಫೈಲ್) ಪ್ರಕಾರ ಬದಲಿಸಿಕೊಳ್ಳುತ್ತದೆ. ಹೀಗಾಗಿ ಫೈಲು ಒಂದೇ ಆದರೂ ಒಳಗಿನ ಅಂಕಿಗಳು ಪ್ರೆಸ್ಸಿನಿಂದ ಪ್ರೆಸ್ಸಿಗೆ ಬೇರೆ. ಮೂರನೇ ಸಲದ ಕಾರ್ಡನ್ನು ಬಿಸಿಲಿಗೆ ಹಿಡಿದರೆ ಲೋಗೊದ ಸುತ್ತ ತೆಳುವಾಗಿ ಒಂದು ಚೌಕ ಕಾಣುತ್ತಿತ್ತು. ಒಂದೇ ಕಾರ್ಡಿನಲ್ಲಿ ಎರಡು ಹಸಿರು!

ಜೊತೆಗೆ ರಾಮಾ ಗ್ರೀನ್ ನಾಲ್ಕು ಬಣ್ಣದ ಅಚ್ಚಿಗೆ ಹಟಮಾರಿ ಬಣ್ಣ. ಅದಕ್ಕೆ ಸಯಾನ್ ಹೆಚ್ಚುಕಡಿಮೆ ಪೂರ್ತಿ ಬೇಕು, ಹಳದಿ ಅರ್ಧದಷ್ಟು. ಹಳದಿ ಒಂದಿಷ್ಟು ಕಡಿಮೆಯಾದರೆ ನೀಲಿ, ಜಾಸ್ತಿಯಾದರೆ ಹಸಿರು; ಮಜೆಂಟಾ ಸೋಂಕಿದರೆ ಬೂದಿ. ಆಫ್‌ಸೆಟ್ ಅಚ್ಚಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12647-2 ಕೂಡ ಈ ನಾಲ್ಕು ಮೂಲ ಇಂಕುಗಳ ಗಟ್ಟಿ (ಖಾಲಿ ಬಿಡದೆ ಪೂರ್ತಿ ಹಾಕಿದ) ಬಣ್ಣದಲ್ಲಿ ಡೆಲ್ಟಾ ಇ 5ರವರೆಗೆ ವ್ಯತ್ಯಾಸ ಒಪ್ಪುತ್ತದೆ. ಡೆಲ್ಟಾ ಇ ಎಂದರೆ ಎರಡು ಬಣ್ಣಗಳ ನಡುವಿನ ಅಂತರದ ಅಳತೆ. 1ರ ಆಸುಪಾಸಿನ ಅಂತರ ಪಳಗಿದ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. 5 ಆದರೆ ಅಕ್ಕಪಕ್ಕ ಇಟ್ಟಾಗ ಯಾರಿಗೂ ಗೊತ್ತಾಗುತ್ತದೆ. ಅಂದರೆ ಮಾನದಂಡದ ಒಳಗೇ ಇರುವ ಪ್ರೆಸ್ಸಿನಿಂದಲೂ ನಮ್ಮ ಹಸಿರು ಎರಡು ಸಲ ಎರಡು ಥರ ಬರಬಹುದು.

ಮಗಳ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತ್ತು. ಪ್ರೆಸ್ಸಿನವರಿಗೆ ಯಾವ ಹಸಿರು ಎಂದು ಯಾರೂ ಹೇಳಿರಲೇ ಇಲ್ಲ. ವಾಟ್ಸ್ಯಾಪಿನಲ್ಲಿ ಒಂದು ಚಿತ್ರ ಬಂದಿತ್ತು, ಫೋನಿನಲ್ಲಿ ನೋಡಿ ಓಕೆ ಎಂದಿದ್ದರು. ಫೋನಿನ ಬ್ರೈಟ್‌ನೆಸ್, ಆಚೆ ಕಡೆ ಫೋಟೊ ತೆಗೆದ ಕ್ಯಾಮೆರಾ, ಆ ಕೋಣೆಯ ಟ್ಯೂಬ್‌ಲೈಟು ಎಲ್ಲ ಸೇರಿ ಮಾಡಿದ ಬಣ್ಣಕ್ಕೆ ಆ ಒಪ್ಪಿಗೆ ಬಿದ್ದಿತ್ತು. ಅಕ್ಷರ ತಪ್ಪಿದೆಯೇ, ಫೋನ್ ನಂಬರ್ ಸರಿಯಿದೆಯೇ ಎಂದು ನೋಡಲು ವಾಟ್ಸ್ಯಾಪ್ ಚಿತ್ರ ಧಾರಾಳ ಸಾಕು. ಬಣ್ಣ ಒಪ್ಪಲು ಅದು ಯಾವತ್ತೂ ಸಲ್ಲ.

ಯಾವುದನ್ನು ನೋಡಿ ಹೊಂದಿಸುವುದು

"ಈ ಸೀರೆ ಬಣ್ಣಾನೇ ಬರ್ಬೇಕು ನೋಡು" ಎಂದು ಯಜಮಾನರು ಒಂದು ರೇಷ್ಮೆ ಸೀರೆ ಬಿಡಿಸಿ ಹಾಕಿದರು. ಚೆಂದದ ಸೀರೆ. ಆದರೆ ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು. ಹೀಗೆ ಹಿಡಿದರೆ ನೀಲಿ ಝಳಕು, ಹಾಗೆ ಹಿಡಿದರೆ ಹಸಿರು. ಆ ಗುಣಕ್ಕೇ ಜನ ಅದನ್ನು ಕೊಳ್ಳುತ್ತಾರೆ, ಆ ಗುಣದಿಂದಲೇ ಅದು ಅಚ್ಚಿಗೆ ಮಾದರಿಯಾಗಲಾರದು. ಇನ್ನೊಂದು ತೊಡಕೂ ಇದೆ. ಬಟ್ಟೆಗೆ ಹಾಕುವ ಬಣ್ಣದ ರಾಸಾಯನಿಕವೇ ಬೇರೆ, ಅಚ್ಚಿನ ಇಂಕಿನದೇ ಬೇರೆ. ಅಂಗಡಿಯ ಎಲ್‌ಇಡಿ ದೀಪದಲ್ಲಿ ಎರಡೂ ಒಂದೇ ಎನ್ನಿಸಿದ್ದು ಹೊರಗೆ ಹಗಲಿಗೆ ತಂದರೆ ಬೇರೆ ಬೇರೆ ಕಾಣುತ್ತದೆ. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಸೀರೆ ಮಾರುವವರಿಗೆ ಹೆಸರು ಗೊತ್ತಿಲ್ಲದಿದ್ದರೂ ಸಂಗತಿ ಚೆನ್ನಾಗಿ ಗೊತ್ತು; "ಬಾಗಿಲಿಗೆ ತಂದು ನೋಡ್ರಿ ಅಕ್ಕಾರೆ" ಎಂದು ಗಿರಾಕಿಗಳಿಗೆ ಅವರೇ ಹೇಳುತ್ತಿರುತ್ತಾರೆ. ಬ್ಲೌಸ್ ಪೀಸು ಹೊಂದಿಸಲು ಅವರು ಇಡುವ ಈ ಎಚ್ಚರವನ್ನೇ ಕಾರ್ಡಿಗೂ ಇಟ್ಟರೆ ಅರ್ಧ ಕೆಲಸ ಆದಂತೆ. ಯಜಮಾನರಿಗೆ ಹೀಗೆ ಹೇಳಿದ ಮೇಲೆ ಅವರು ವಾದ ಬಿಟ್ಟು ಕೆಲಸಕ್ಕೆ ಇಳಿದರು, ಅವರ ಕಣ್ಣು ನನ್ನ ಕಣ್ಣಿಗಿಂತ ಸೂಕ್ಷ್ಮ.

ಅಂಗಡಿಯ ಬೋರ್ಡು ಮಾದರಿಯಾಗುವಂತಿರಲಿಲ್ಲ, ಅದರ ಹಿಂದೆ ದೀಪ ಉರಿಯುತ್ತದೆ. ಕೈಚೀಲ ಬಟ್ಟೆಯಂಥ ವಸ್ತು. ಕೊನೆಗೆ ಉಳಿದದ್ದು ಸೀರೆ ಬಾಕ್ಸಿನ ಮುಚ್ಚಳ: ರಟ್ಟಿನ ಮೇಲೆ ಒಂದೇ ಇಂಕಿನಲ್ಲಿ ಅಚ್ಚಾದದ್ದು, ಹಗಲಲ್ಲೂ ದೀಪದಲ್ಲೂ ನಿಂತ ಬಣ್ಣ, ತಂದೆ ಮಗಳು ಇಬ್ಬರಿಗೂ ಒಪ್ಪಿಗೆ. ಅದನ್ನು ಹಿಡಿದು ಪ್ಯಾಂಟೋನ್ ಪುಸ್ತಕ ತೆರೆದೆವು.

ಪ್ಯಾಂಟೋನ್ ಎಂದರೆ ಬಣ್ಣಗಳಿಗೆ ನಂಬರ್ ಕೊಟ್ಟು, ಪ್ರತಿ ನಂಬರಿಗೂ ಇಂಕು ಕಲಸುವ ಸೂತ್ರ ಕೊಟ್ಟ ವ್ಯವಸ್ಥೆ. 1963ರಲ್ಲಿ ಅಮೆರಿಕದಲ್ಲಿ ಬಂತು. ಯಾವ ಮೂಲ ಇಂಕು ಎಷ್ಟು ಭಾಗ ಎಂದು ತೂಕದ ಲೆಕ್ಕದಲ್ಲಿ ಬರೆದಿರುತ್ತದೆ. ನಂಬರಿನ ಮುಂದಿನ ಅಕ್ಷರವೂ ಮುಖ್ಯ: ಸಿ ಎಂದರೆ ಲೇಪನವಿರುವ ನಯವಾದ ಕಾಗದ, ಯು ಎಂದರೆ ಲೇಪನವಿಲ್ಲದ್ದು. ಇಂಕಿನ ಸೂತ್ರ ಎರಡಕ್ಕೂ ಒಂದೇ, ಕಾಣುವ ಬಣ್ಣ ಒಂದೇ ಅಲ್ಲ. ಲೇಪನವಿಲ್ಲದ ಕಾಗದ ಇಂಕನ್ನು ಹೀರಿಕೊಂಡು ಬಣ್ಣ ಮಂಕಾಗುತ್ತದೆ. ಬಟ್ಟೆ ಉದ್ಯಮಕ್ಕೆ ಪ್ಯಾಂಟೋನಿನದೇ ಬೇರೆ ಸರಣಿಯಿದೆ. ಅದರ ನಂಬರನ್ನು ಅಚ್ಚಿನವರಿಗೆ ಕೊಟ್ಟರೆ ಇಂಕು ಕಲಸುವ ಸೂತ್ರ ಸಿಗುವುದಿಲ್ಲ.

ಪುಸ್ತಕ ಹಳೆಯದಾಗಿರಬಾರದು. ಬೆಳಕು, ಬೆರಳಿನ ಜಿಡ್ಡು, ಕಾಗದಕ್ಕೆ ಬರುವ ಹಳದಿ ಎಲ್ಲ ಸೇರಿ ವರ್ಷಗಳಲ್ಲಿ ಅದೂ ಮಾಸುತ್ತದೆ. ಒಂದು ಕಡೆ ನಮಗೆ ತೋರಿಸಿದ ಪುಸ್ತಕದ ಅಂಚುಗಳು ಚಹಾ ಬಣ್ಣಕ್ಕೆ ತಿರುಗಿದ್ದವು. ಹೊಸದನ್ನು ಹಿಡಿದು, ಬೆಳಗಿನ ಹೊತ್ತು ಅಂಗಡಿಯ ಮುಂದಿನ ನೆರಳಿನಲ್ಲಿ, ನೇರ ಬಿಸಿಲು ಬೀಳದ ಕಡೆ ನಿಂತು ನೋಡಿದೆವು. ಅಚ್ಚಿನ ಬಣ್ಣ ನೋಡಲು 5000 ಕೆಲ್ವಿನ್‌ನ ಡಿ50 ಎಂಬ ಹಗಲಿನಂಥ ಬೆಳಕು ಬೇಕು ಎಂದು ಐಎಸ್‌ಒ 3664 ಹೇಳುತ್ತದೆ. ಅದಕ್ಕೆಂದೇ ಲೈಟ್ ಬೂತ್ ಸಿಗುತ್ತದೆ. ನಮ್ಮಲ್ಲಿ ಅದಿಲ್ಲದಾಗ ಹಗಲಿನ ನೆರಳೇ ಗತಿ, ಮತ್ತು ಪ್ರತಿ ಸಲವೂ ಅದೇ ಜಾಗ, ಹೆಚ್ಚುಕಡಿಮೆ ಅದೇ ಹೊತ್ತು. ಮುಚ್ಚಳಕ್ಕೆ ಹತ್ತಿರ ಬಂದದ್ದು 3282 ಸಿ. ಅದೇ ಸಾಲಿನ 3272 ತಿಳಿಯಾಯಿತು, 3292 ದಟ್ಟವಾಯಿತು. ಪುಸ್ತಕದ ಪಟ್ಟಿಯ ಸುತ್ತ ಬಿಳಿ ಕಾಗದದಲ್ಲಿ ಕತ್ತರಿಸಿದ ಕಿಂಡಿ ಇಟ್ಟು ನೋಡಬೇಕು. ಪಕ್ಕದಲ್ಲಿ ಬೇರೆ ಬಣ್ಣ, ಅದರಲ್ಲೂ ಚಿನ್ನದ ಗೆರೆ ಇದ್ದರೆ ಅದೇ ಹಸಿರು ಬೇರೆ ಥರ ಕಾಣುತ್ತದೆ.

ನಂಬರ್ ಸಿಕ್ಕಿತು, ಇನ್ನು ಮುಗಿಯಿತು ಎಂದು ಇಲ್ಲಿಗೆ ನಿಲ್ಲಿಸುವವರೇ ಬಹಳ ಜನ. ಪುಸ್ತಕದ ಬಣ್ಣ ಪುಸ್ತಕದ ಕಾಗದದ ಮೇಲಿನದು, ಅದಕ್ಕೆ ಲ್ಯಾಮಿನೇಶನ್ ಇಲ್ಲ. ನಮ್ಮ ಕಾರ್ಡು ಚದರ ಮೀಟರಿಗೆ 350 ಗ್ರಾಂ ತೂಗುವ, ಅಂದರೆ 350 ಜಿಎಸ್‌ಎಂ ಆರ್ಟ್ ಕಾರ್ಡು, ಮೇಲೆ ಮ್ಯಾಟ್ ಲ್ಯಾಮಿನೇಶನ್. ಹೊಳಪಿನ ಗ್ಲಾಸ್ ಹಾಳೆ ಹಾಕಿದರೆ ಬಣ್ಣ ಗಾಢವಾಗಿ ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಹಾಳೆ ಬೆಳಕನ್ನು ಚೆದುರಿಸಿ ಬಣ್ಣದ ಕಸುವನ್ನು ಒಂದಿಷ್ಟು ತಗ್ಗಿಸುತ್ತದೆ. ಆದ್ದರಿಂದ 3282 ಎಂಬುದನ್ನು ದಾರಿ ಹಿಡಿಯಲು ಮಾತ್ರ ಇಟ್ಟುಕೊಂಡೆವು. ಮುಟ್ಟಬೇಕಾದ ಜಾಗ ಇನ್ನೂ ಕಾಗದದ ಮೇಲೆ ಹುಟ್ಟಿರಲಿಲ್ಲ.

ಪ್ರಿಂಟರನ್ನು ಆರಿಸಿದ್ದು

ಎದುರಿಗಿದ್ದ ದಾರಿಗಳು ಐದು. ಹೊರ ಊರಿನ ಒಟ್ಟು ಹಾಳೆಯ ಅಚ್ಚು ಕೈಬಿಟ್ಟೆವು. ಡಿಜಿಟಲ್‌ನಲ್ಲಿ ಎಚ್‌ಪಿ ಇಂಡಿಗೋ ಥರದ ಯಂತ್ರಗಳು ನಾಲ್ಕಕ್ಕಿಂತ ಹೆಚ್ಚು ಇಂಕು ಹಾಕಬಲ್ಲವು. ಆದರೆ ಸಾಮಾನ್ಯವಾಗಿ ಸಿಗುವ ಟೋನರ್ ಯಂತ್ರಗಳು ಯಾವ ಪ್ಯಾಂಟೋನ್ ಕೇಳಿದರೂ ನಾಲ್ಕು ಬಣ್ಣದಲ್ಲೇ ಅನುಕರಿಸುತ್ತವೆ, ಮತ್ತೆ ಅದೇ ಹಟಮಾರಿತನ. ಸ್ಕ್ರೀನ್ ಪ್ರಿಂಟಿಂಗ್ ನಿಜವಾಗಿ ಗಟ್ಟಿ ಬಣ್ಣಕ್ಕೆ ಹೇಳಿಮಾಡಿಸಿದ್ದು, ಮದುವೆ ಕಾರ್ಡು ಮಾಡುವವರ ಕೈಯಲ್ಲಿ ಚೆನ್ನಾಗಿ ಪಳಗಿದ್ದು. ಸಣ್ಣ ಅಕ್ಷರದ ವಿಳಾಸಕ್ಕೆ ಅದು ಬೇಡವೆನ್ನಿಸಿತು. ಉಳಿದದ್ದು ಊರಿನದೇ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸು: ಬಿಲ್ ಬುಕ್ಕು, ಕರಪತ್ರ, ಸಹಕಾರ ಸಂಘದ ವರದಿ ಅಚ್ಚುಹಾಕುವ, ಎರಡು ಬಣ್ಣದ ಹಳೆ ಯಂತ್ರವಿರುವ ಜಾಗ. ಬೆಂಗಳೂರಿನ ಒಂದು ದೊಡ್ಡ ಪ್ರೆಸ್ಸಿನ ಕೊಟೇಶನ್ನೂ ಕೈಯಲ್ಲಿತ್ತು, ಹೊಸ ಯಂತ್ರ, ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಸಮೇತ.

ನಾನು ಊರಿನ ಪ್ರೆಸ್ಸಿನ ಪರ ನಿಂತೆ, ಅಭಿಮಾನಕ್ಕಲ್ಲ. ಅಲ್ಲಿಯ ಹಿರಿಯರಿಗೆ ಬಾಕ್ಸಿನ ಮುಚ್ಚಳ ತೋರಿಸಿ, "ಅಣ್ಣಾ, ಇದು ಬರುತ್ತಾ?" ಎಂದಾಗ ಅವರು ಬರುತ್ತದೆ ಎಂದೂ ಹೇಳಲಿಲ್ಲ, ಬರಲ್ಲ ಎಂದೂ ಹೇಳಲಿಲ್ಲ. "ಮೇಲೆ ಮ್ಯಾಟಾ, ಗ್ಲಾಸಾ?" ಎಂದು ಕೇಳಿದರು. ಆಮೇಲೆ "ನಾಲ್ಕು ಕಲರ್ನಾಗೆ ಹೊಡಿಯಂಗಿಲ್ಲ ಇದು. ಇಂಕು ಕಲಸಬೇಕು. ಕಪ್ಪು ಓಡಿದ ಮೇಲೆ ನಿಮ್ಮದು ಹಾಕಿದ್ರೆ ರೋಲರ್‌ನಾಗಿನ ಕಪ್ಪು ಬಂದು ಮಾಸ್ತೈತಿ. ಎರಡು ಸಲ ತೊಳಿಬೇಕು, ವಾಷಿಂಗ್ ಚಾರ್ಜು ಬೇರೆ ಆಗುತ್ತೆ ಮೇಡಂ" ಎಂದು ಮಗಳಿಗೆ ಹೇಳಿದರು. ಬಣ್ಣ ಕೆಡುವ ದಾರಿಗಳನ್ನು ಮೊದಲೇ ಹೇಳುವವರು, ಕೆಟ್ಟರೆ ಅದನ್ನು ಕಾಣಬಲ್ಲವರು. ಒಳ್ಳೆ ಪ್ರಿಂಟರನ್ನು ಗುರುತಿಸಲು ನನಗೆ ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಬೇರೊಂದು ಸಿಕ್ಕಿಲ್ಲ. "ಹಂಡ್ರೆಡ್ ಪರ್ಸೆಂಟ್ ಮ್ಯಾಚ್ ಮಾಡಿಕೊಡ್ತೀವಿ ಸರ್" ಎಂದು ಫೋನಿನಲ್ಲೇ ಮಾತು ಮುಗಿಸುವವರ ಹತ್ತಿರ ನನಗೆ ಭಯ.

ಎರಡನೇ ಕಾರಣ ದೂರ. ಯಂತ್ರ ಓಡುವಾಗ ಪಕ್ಕದಲ್ಲಿ ನಿಂತು, ಹಾಳೆ ಎತ್ತಿ, ಹೊರಗೆ ತಂದು ನೋಡಲು ಆಗಬೇಕು. ಬೆಂಗಳೂರಿನ ಸ್ಪೆಕ್ಟ್ರೋಫೋಟೋಮೀಟರ್ ಒಳ್ಳೆಯದೇ. ಸಾವಿರಾರು ಬಾಕ್ಸು ಅಚ್ಚು ಮಾಡಿಸುವ ಕೆಲಸವಾಗಿದ್ದರೆ ಅಲ್ಲಿಗೇ ಹೋಗುತ್ತಿದ್ದೆವು. ಎರಡು ಸಾವಿರ ಕಾರ್ಡಿಗೆ ಅಲ್ಲಿ ಹೋಗಿ ಕಾಯುವುದು ಯಾರಿಗೂ ಕಟ್ಟುವುದಿಲ್ಲ, ಕಾಯದೆ ಹೋದರೆ ಮತ್ತೆ ವಾಟ್ಸ್ಯಾಪಿನ ಫೋಟೊ ನೋಡಿಯೇ ಓಕೆ ಎನ್ನಬೇಕು.

ಮೂರನೆಯದು ಕನ್ನಡ ಅಕ್ಷರ. ಹಸಿರು ಹಿನ್ನೆಲೆಯಲ್ಲಿ ಅಂಗಡಿಯ ಹೆಸರು ಬಿಳಿಯಾಗಿ ಬಿಡಬೇಕಿತ್ತು. ನಾಲ್ಕು ಇಂಕಿನ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವುದೆಂದರೆ ನಾಲ್ಕೂ ಪ್ಲೇಟಿನಲ್ಲಿ (ಇಂಕಿಗೊಂದರಂತೆ ಇರುವ ಅಚ್ಚಿನ ತಗಡು) ಅದೇ ಜಾಗದಲ್ಲಿ ಖಾಲಿ ಇರಬೇಕು. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದೊಳಗೆ ಬಣ್ಣ ನುಗ್ಗುತ್ತದೆ. ದಪ್ಪ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. "ವಸ್ತ್ರ" ಎಂದು ಬರೆದು ನೋಡಿ: ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು. ಸಣ್ಣ ಅಳತೆಯಲ್ಲಿ ಇವೆರಡರ ನಡುವಿನ ಸಂದು ಮೊದಲು ಮುಚ್ಚಿಹೋಗುತ್ತದೆ. ಹಳೆ ಮೂರೂ ಕಾರ್ಡಿನಲ್ಲಿ ಆ ಒತ್ತು ಒಂದು ಚುಕ್ಕೆಯಾಗಿತ್ತು. ಒಂದೇ ಇಂಕು, ಒಂದೇ ಪ್ಲೇಟು ಆದಾಗ ಸರಿಯುವುದಕ್ಕೆ ಇನ್ನೊಂದು ಪ್ಲೇಟೇ ಇಲ್ಲ. ಕನ್ನಡದ ಕಾರ್ಡಿಗೆ ಹೀಗೆ ಬೇರೆಯಾಗಿ ಕಲಸಿದ ಸ್ಪೆಷಲ್ ಇಂಕಿನ ಈ ಲಾಭವನ್ನು ನಮ್ಮಲ್ಲಿ ಯಾರೂ ಸಾಕಷ್ಟು ಹೇಳುತ್ತಿಲ್ಲ ಎಂಬುದು ನನ್ನ ಅನಿಸಿಕೆ.

ಖರ್ಚು ಹಳೆಯ ಅಗ್ಗದ ಕಾರ್ಡಿನ ಎರಡೂವರೆ ಪಟ್ಟು ಹತ್ತಿರ ಆಯಿತು. ಯಜಮಾನರು ಒಂದು ಕ್ಷಣ ಸುಮ್ಮನಿದ್ದು, "ಮೂರು ಸಲ ಮಾಡಿಸಿ ಬಿಸಾಕಿದ್ದು ಇದಕ್ಕಿಂತ ಜಾಸ್ತಿ ಆತು, ಮಾಡ್ಸು" ಎಂದರು.

ಇಂಕು, ತುಂಡು, ಸಹಿ

ಫೈಲನ್ನು ಹೊಸದಾಗಿ ಕಟ್ಟಿದೆವು. ಹಸಿರನ್ನು ಸ್ಪಾಟ್ ಬಣ್ಣವೆಂದು (ನಾಲ್ಕು ಇಂಕು ಬೆರೆಸದೆ ತನ್ನದೇ ಇಂಕಿನಲ್ಲಿ ಬರುವ ಬಣ್ಣ) ಹೆಸರಿಟ್ಟು, ಎಲ್ಲ ಕಡೆ ಅದೊಂದೇ ಹೆಸರು ಇರುವಂತೆ ನೋಡಿಕೊಂಡೆವು. ಪಿಡಿಎಫ್ ಮಾಡುವಾಗ ಸ್ಪಾಟ್ ಬಣ್ಣವನ್ನು ಸಿಎಂವೈಕೆಗೆ ಬದಲಿಸುವ ಸೆಟ್ಟಿಂಗ್ ಆನ್ ಇದ್ದರೆ ಇಷ್ಟೂ ಶ್ರಮ ನೀರುಪಾಲು. ಅದಕ್ಕೇ ಪ್ಲೇಟಿಗೆ ಕಳಿಸುವ ಮೊದಲು ಎಷ್ಟು ಪ್ಲೇಟು ಬರುತ್ತವೆ ಎಂದು ಕೇಳಬೇಕು. ಮುಂಬದಿಗೆ ಒಂದು, ಹಿಂಬದಿಗೆ ಎರಡು ಎಂದರೆ ಸರಿ, ನಾಲ್ಕು ಎಂದರೆ ನಿಲ್ಲಿಸಬೇಕು. ನುಡಿ ಫಾಂಟಿನಲ್ಲಿದ್ದ ಅಕ್ಷರಗಳನ್ನೆಲ್ಲ ಕರ್ವ್ (ಫಾಂಟ್ ಬೇಡದ ಆಕಾರ) ಮಾಡಿದ್ದಾಯಿತು, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಿಳಾಸ ಗೋಜಲಾಗುತ್ತದೆ. ಕ್ಯೂಆರ್ ಕೋಡನ್ನು ಹಿಂಬದಿಯ ಬಿಳಿಯ ಮೇಲೆ ಬರಿ ಕಪ್ಪಿನಲ್ಲಿ ಇಟ್ಟೆವು, ಸ್ಕ್ಯಾನ್ ಆಗುವುದು ಅಂದಕ್ಕಿಂತ ಮುಖ್ಯ. ಚಿನ್ನದ ಗೆರೆಗೆ ಫಾಯಿಲ್, ಅಂದರೆ ಲೋಹದ ಹೊಳಪಿನ ತೆಳು ಹಾಳೆ. ನಾಲ್ಕು ಇಂಕು ಎಷ್ಟೇ ಬೆರೆಸಿದರೂ ಲೋಹದ ಹೊಳಪು ಬರುವುದಿಲ್ಲ, ಸಾಸಿವೆ ಬಣ್ಣವೇ ಬರುವುದು.

ಇಂಕು ಕಲಸಿದ್ದನ್ನು ನೋಡಲು ತಂದೆ ಮಗಳು ಇಬ್ಬರೂ ಬಂದಿದ್ದರು. ಸೂತ್ರದ ಪ್ರಕಾರ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ಗಾಜಿನ ಮೇಲೆ ಕಲಸುಚಾಕುವಿನಿಂದ ತಿರುವಿ, ಆ ಹಿರಿಯರು ಒಂಚೂರು ಇಂಕನ್ನು ಬೆರಳಿನಿಂದ ನಮ್ಮ ಆರ್ಟ್ ಕಾರ್ಡಿನ ತುಂಡಿನ ಮೇಲೆ ತಟ್ಟಿ ತಟ್ಟಿ ತೆಳುವಾಗಿ ಹರಡಿದರು. ಹಸಿ ಇದ್ದಾಗ ಬಣ್ಣ ಝಗ್ ಎನ್ನುತ್ತದೆ. ಒಣಗಿದ ಮೇಲೆ ಇಳಿಯುತ್ತದೆ. ಅದಕ್ಕೆ ಅವತ್ತೇ ಒಪ್ಪಬಾರದು. ಒಣಗಿದ ತುಂಡಿಗೆ ಮ್ಯಾಟ್ ಹಾಳೆ ಹಾಕಿಸಿ ಮಾರನೇ ದಿನ ನೆರಳಿನಲ್ಲಿ ಮುಚ್ಚಳದ ಪಕ್ಕ ಇಟ್ಟರೆ ಎಲ್ಲರಿಗೂ ಕಂಡಿತು: ಕಸುವು ಕಡಿಮೆ. ಯಜಮಾನರು "ನೀರು ಹಾಕಿದಂಗೈತಿ" ಎಂದರು. ಹಿರಿಯರು ಸೂತ್ರ ಬದಲಿಸಲಿಲ್ಲ, ಇಂಕಿನ ಪದರ ದಪ್ಪ ಮಾಡಿ ಇನ್ನೊಂದು ತುಂಡು ತಟ್ಟಿದರು. ಇಂಕು ಅದೇ ಇದ್ದರೂ ಪದರದ ದಪ್ಪ ಬದಲಾದರೆ ಬಣ್ಣ ಬದಲಾಗುತ್ತದೆ ಎಂಬುದು ಕಣ್ಣೆದುರೇ ಕಂಡಿತು. ಆ ತುಂಡು, ಮ್ಯಾಟ್ ಹಾಕಿದ ಮೇಲೆ, ಮುಚ್ಚಳಕ್ಕೆ ಹೊಂದಿತು.

ಅದರ ಹಿಂದೆ ಮಗಳು ಸಹಿ ಮಾಡಿದರು, ಪ್ರೆಸ್ಸಿನವರೂ ಮಾಡಿದರು. ಅಲ್ಲಿಂದ ಮುಂದೆ 3282 ಎಂಬ ನಂಬರ್ ಹಿಂದೆ ಸರಿದು ಆ ತುಂಡೇ ಪ್ರಮಾಣವಾಯಿತು. ಜೊತೆಗೆ ಇನ್ನೆರಡು ತುಂಡು ಮಾಡಿಸಿದೆವು: ಇಷ್ಟು ತಿಳಿಯಾದರೂ ನಡೆಯುತ್ತದೆ ಎಂಬುದಕ್ಕೆ ಒಂದು, ಇಷ್ಟು ದಟ್ಟವಾದರೂ ನಡೆಯುತ್ತದೆ ಎಂಬುದಕ್ಕೆ ಒಂದು. ಅಳೆಯುವ ಯಂತ್ರವಿಲ್ಲದ ಕಡೆ ಡೆಲ್ಟಾ ಇ 2ರ ಒಳಗೆ ಎಂದು ಆರ್ಡರಿನಲ್ಲಿ ಬರೆದರೆ ಅದನ್ನು ಯಾರೂ ನೋಡಲಾರರು, ಆಮೇಲೆ ಜಗಳಕ್ಕೆ ಮಾತ್ರ ಬರುತ್ತದೆ. ಎರಡು ತುಂಡುಗಳ ನಡುವೆ ಬಂತೇ ಇಲ್ಲವೇ ಎಂಬುದನ್ನು ಇಬ್ಬರೂ ನೋಡಬಲ್ಲರು.

ಆರ್ಡರಿನ ಕಾಗದದಲ್ಲಿ ಬರೆದದ್ದು ಇಷ್ಟು: "ಕಟಿಂಗ್ ಆದ ಮೇಲಿನ ಅಳತೆ 3.5 × 2 ಇಂಚು, ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗಲೆಂದು ಹೊರಗೆ ಚಾಚಿದ ಬಣ್ಣ). 350 ಜಿಎಸ್‌ಎಂ ಆರ್ಟ್ ಕಾರ್ಡ್, ಸಹಿ ತುಂಡಿನದೇ ಕಾಗದ. ಸಿಗದಿದ್ದರೆ ತಿಳಿಸಬೇಕು, ಬೇರೆ ಹಾಕಬಾರದು. ಮುಂಬದಿ ಒಂದು ಸ್ಪೆಷಲ್ ಇಂಕು, 3282 ಸಿ ಸೂತ್ರದಿಂದ ಕಲಸಿದ್ದು. ಹಿಂಬದಿ ಅದೇ ಇಂಕು ಮತ್ತು ಕಪ್ಪು. ಎರಡೂ ಬದಿ ಮ್ಯಾಟ್ ಲ್ಯಾಮಿನೇಶನ್, ಅದರ ಮೇಲೆ ಮುಂಬದಿಗೆ ಚಿನ್ನದ ಫಾಯಿಲ್. ಪೂರ್ತಿ ಒಣಗುವ ಮೊದಲು ಲ್ಯಾಮಿನೇಶನ್ ಬೇಡ. ಬಣ್ಣ ಪಾಸ್ ಮಾಡುವುದು ಲ್ಯಾಮಿನೇಶನ್ ಆದ ಸಹಿ ತುಂಡಿನ ಪ್ರಕಾರ, ಹಗಲು ಬೆಳಕಿನಲ್ಲಿ. ತಿಳಿ ತುಂಡು, ದಟ್ಟ ತುಂಡುಗಳ ನಡುವೆ ಬಂದದ್ದು ಪಾಸ್."

ಒಣಗುವ ಮಾತು ಸುಮ್ಮನೆ ಬರೆದದ್ದಲ್ಲ. ಗಟ್ಟಿ ಬಣ್ಣದ ಹಾಳೆಗಳು ಒಂದರ ಮೇಲೊಂದು ಬಿದ್ದಾಗ ಅಂಟಬಾರದೆಂದು ಪೌಡರ್ ಸಿಂಪಡಿಸುತ್ತಾರೆ. ಪೌಡರ್ ಹೆಚ್ಚಾಗಿ ಉಳಿದಿದ್ದರೆ ಲ್ಯಾಮಿನೇಶನ್ ಕೆಳಗೆ ಗಾಳಿ ಸಿಕ್ಕಿಕೊಂಡು ಸಣ್ಣ ಸಣ್ಣ ಬೆಳ್ಳಗಿನ ಚುಕ್ಕೆ ಕಾಣುತ್ತವೆ, ದಟ್ಟ ಬಣ್ಣದ ಮೇಲೆ ಇನ್ನೂ ಹೆಚ್ಚು.

ಅಚ್ಚಿನ ದಿನ ಮೊದಲ ಹಾಳೆಗಳು ಒಂದು ಅಂಚಿಗೆ ದಟ್ಟ, ಇನ್ನೊಂದು ಅಂಚಿಗೆ ತಿಳಿ ಬಂದವು. ಹಳೆ ಯಂತ್ರ, ದೊಡ್ಡ ಗಟ್ಟಿ ಬಣ್ಣ, ನಿರೀಕ್ಷಿಸಿದ್ದೇ. ಇಂಕು ಇಳಿಸುವ ಸ್ಕ್ರೂ ತಿರುವಿ, ಹಾಳೆ ಬಿಟ್ಟು, ಹೊರಗೆ ತಂದು, ಮತ್ತೆ ತಿರುವಿ ಸಮ ಮಾಡಲು ಸಾಕಷ್ಟು ಹಾಳೆ ವೇಸ್ಟ್ ಆಯಿತು. ಲ್ಯಾಮಿನೇಶನ್ ಆಗದ ಹಾಳೆಯನ್ನು ಲ್ಯಾಮಿನೇಶನ್ ಆದ ತುಂಡಿಗೆ ಹೋಲಿಸುವುದು ಕಷ್ಟ. ಅದಕ್ಕೆಂದು ಅದೇ ದಪ್ಪದ ಪದರದ, ಮ್ಯಾಟ್ ಹಾಕದ ಜೋಡಿ ತುಂಡೊಂದನ್ನು ಹಿರಿಯರು ಮೊದಲೇ ತೆಗೆದಿಟ್ಟಿದ್ದರು. ನಾವು ಕೇಳಿರಲಿಲ್ಲ. ಆ ತುಂಡಿಲ್ಲದಿದ್ದರೆ ಅವತ್ತು ಅಂದಾಜಿನಲ್ಲೇ ಓಡಿಸಬೇಕಾಗುತ್ತಿತ್ತು.

ಬಂದ ಕಾರ್ಡುಗಳಲ್ಲಿ ಕಟ್ಟಿನ ಮೇಲಿನವೂ ಕೆಳಗಿನವೂ ಮಿತಿಯ ಒಳಗಿದ್ದವು. ಪೂರ್ತಿ ಒಂದೇ ಎನ್ನಲಾರೆ. ಕೆಲವು ದಟ್ಟ ತುಂಡಿಗೆ ಹತ್ತಿರ ಇದ್ದವು. ಮುಚ್ಚಳದ ಮೇಲೆ ಇಟ್ಟರೆ ಕಾರ್ಡು ಸೇರಿಹೋಗುತ್ತಿತ್ತು. "ವಸ್ತ್ರ"ದ ಎರಡೂ ಒತ್ತು ಬಿಡಿಬಿಡಿಯಾಗಿ ಓದಲು ಬರುತ್ತಿದ್ದವು. ಅಂಚಿನಲ್ಲಿ ಕಟಿಂಗ್ ಆದ ಕಡೆ ಕಾಗದದ ಬಿಳಿ ಗೆರೆ ಕಾಣುತ್ತದೆ. ಪೂರ್ತಿ ದಟ್ಟ ಬಣ್ಣದ ಕಾರ್ಡಿಗೆ ಅದು ತಪ್ಪಿದ್ದಲ್ಲ, ಮಗಳಿಗೆ ಮೊದಲೇ ಹೇಳಿದ್ದೆ.

ಮುಂದೆ ಇದೇ ಅಂಗಡಿ ಚಿತ್ರದುರ್ಗದಲ್ಲಿ ಇನ್ನೊಂದು ಮಳಿಗೆ ತೆರೆದಾಗ ಅಲ್ಲಿಯ ವಿಳಾಸದ ಕಾರ್ಡು ಅಲ್ಲೇ ಒಂದು ಪ್ರೆಸ್ಸಿನಲ್ಲಿ ಆಯಿತು. ಕಂದು ಲಕೋಟೆಯಲ್ಲಿ ಬೆಳಕು ತಾಗದಂತೆ ಇಟ್ಟಿದ್ದ ನಾಲ್ಕೂ ತುಂಡು, ಆರ್ಡರಿನ ಕಾಗದದ ನಕಲು, ದಾವಣಗೆರೆಯ ಹಿರಿಯರು ಬರೆದುಕೊಟ್ಟ ಇಂಕಿನ ತೂಕ, ಇಷ್ಟನ್ನು ಮಗಳು ತೆಗೆದುಕೊಂಡು ಹೋದರು. ಅಲ್ಲಿಯವರ ಮೊದಲ ತುಂಡು ತಿಳಿ ಮಿತಿಯ ಆಚೆ ಇತ್ತು, ಎರಡನೆಯದು ಒಳಗೆ ಬಂತು.

ಲೆಟರ್‌ಹೆಡ್ಡು ಮಾತ್ರ ಬಾಕಿ ಉಳಿದಿದೆ. ಲೇಪನವಿಲ್ಲದ ಬಾಂಡ್ ಕಾಗದದ ಮೇಲೆ ಇದೇ ಇಂಕು ಮಂಕಾಗುತ್ತದೆ, ಹೊಂದುವ ಬೇರೆ ನಂಬರನ್ನು ಯು ಪುಸ್ತಕದಲ್ಲಿ ಹುಡುಕಿ, ಆ ಕಾಗದದ ಮೇಲೆಯೇ ಮತ್ತೆ ತುಂಡು ತಟ್ಟಿಸಬೇಕು. ಅಲ್ಲಿಯವರೆಗೆ ಲೆಟರ್‌ಹೆಡ್ಡನ್ನು ಬರಿ ಕಪ್ಪಿನಲ್ಲಿ ಹೊಡೆಸಿ ಎಂದಿದ್ದೇನೆ, ಯಜಮಾನರು ಒಪ್ಪಿದ್ದಾರೆ.